ಸಿದ್ರಾಮಪ್ಪ ಸರ್ ಎತ್ತಿದ ಕೈ

"ಓಟು ಎಷ್ಟ ಬಿದ್ದಾವು ಅನ್ನೂದಷ್ಟ ಅಲ್ಲ, ಯಾವುದರ ಹಿಂದ ಯಾವುದು ಓಟಿಗೆ ನಿಂತದ, ಅದನ್ನ ನೋಡ್ರಿ" ಎಂದು ಮಾಂತು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಲಟ್ಟಣಿಗೆಯನ್ನು ಚಾಕ್‌ಪೀಸಿನಂತೆ ಹಿಡಿದು, ಎರಡು ಸಲ ಕೆಮ್ಮಿದ. ಹಿಟ್ಟು ನಾದುತ್ತಿದ್ದ ಸಾವಂತ್ರವ್ವ ಮೊಣಕೈಯಿಂದಲೇ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು. ಆ ಕೆಮ್ಮು ಅವರ ಯಜಮಾನರದೇ. ಯಜಮಾನರು, ಅಂದರೆ ಮಾಂತುವಿನ ಪ್ರೊಫೆಸರ್ ಸಿದ್ರಾಮಪ್ಪನವರು, ಪುಣೆಯ ಕೊಂಢವಾ ಬಡಾವಣೆಯ ಮೂಲೆಯ ಅಂಗಡಿಗೆ ಕಾಯಿಪಲ್ಲೆ ತರಲು ಹೋಗಿದ್ದರು.

"ಖರೇನ ಹಿಂಗ ಪಾಠ ಮಾಡ್ತಾರೇನೋ?"

"ಇದಕ್ಕಿಂತ ಜೋರ್ ಮಾಡ್ತಾರ್ರಿ ಕಾಕೂ. ನೀವು ನೋಡಿಲ್ಲೇನ್ರಿ?"

"ಎಲ್ಲಿ ನೋಡ್ಲೆಪಾ. ಲಗ್ನಾಗಿ ಮೂವತ್ತೊಂದ ವರ್ಷ ಆತು. 'ಅಲ್ಲಿ ಬಂದು ನಿನಗೇನ್ ತಿಳೀತದ' ಅಂತಾರ. ರಿಟಾಯರ್ ಆಗೂ ಸಮಾರಂಭಕ್ಕರ ಬರ್ತೀನಿ ಅಂದೆ. ಸಮಾರಂಭನ ಬ್ಯಾಡಂತ ಬರದು ಕೊಟ್ಟಾರಂತ."

ಅವರು ನಗುತ್ತಲೇ ಹೇಳಿದರು, ಆದರೆ ನಾದುತ್ತಿದ್ದ ಕೈ ನಿಂತಿತ್ತು. ಮಾಂತು ಲಟ್ಟಣಿಗೆ ಕೆಳಗಿಟ್ಟ. ಅಷ್ಟರಲ್ಲಿ ಸರ್ ಬೆಂಡೆಕಾಯಿಯ ಚೀಲದೊಂದಿಗೆ ಒಳಗೆ ಬಂದರು.

ಅದು ೧೯೯೯. ನಿವೃತ್ತಿಗೆ ಮುಂಚಿನ ಕೊನೆಯ ಕೆಲಸವೆಂದು ಸರ್ ಪುಣೆಯ ವಿಶ್ವವಿದ್ಯಾಲಯದಲ್ಲಿ ಆರು ಶನಿವಾರಗಳ ಉಪನ್ಯಾಸ ಮಾಲೆ ನಡೆಸುತ್ತಿದ್ದರು. ವಿಷಯ, ಸಾರ್ವಜನಿಕ ಆಯ್ಕೆಯ ಅರ್ಥಶಾಸ್ತ್ರ. ಮಂತ್ರಿ, ಸಾಹೇಬ, ಮತದಾರ ಎಲ್ಲರೂ ಕಿರಾಣಿ ಅಂಗಡಿಯ ಗಿರಾಕಿಯಂತೆಯೇ ತಂತಮ್ಮ ಲಾಭ ನೋಡಿಕೊಳ್ಳುತ್ತಾರೆ ಎಂಬುದು ಅದರ ಸಾರ. ಸನ್ಮಾನ ಸಮಾರಂಭಗಳನ್ನೂ ಸರ್ ಇದೇ ತಕ್ಕಡಿಯಲ್ಲಿ ತೂಗುತ್ತಿದ್ದರು: "ಶಾಲು ಹೊದಿಸಿದವನಿಗೆ ಲಾಭ, ಹೊದ್ದವನಿಗೆ ಲಾಭ. ಕೂತು ಕೇಳಿದವನಿಗೆ ಮಾತ್ರ ಲುಕ್ಸಾನು." ಈ ಮಾತು ಹೇಳಿ ಹೇಳಿ ಈಗ ತಾವೇ ಶಾಲು ಹೊದೆಯಲು ಹೇಗೆ ಒಪ್ಪಿಯಾರು?

ಐದನೆಯ ಶನಿವಾರ ಪಾಠ ಮುಗಿಯುತ್ತಲೇ ಮಾಂತು ಎದ್ದ. "ಸರ್, ಮುಂದಿನ ಶನಿವಾರ ಏನು ಮಾಡಬೇಕು ಅನ್ನೋದನ್ನ ಓಟಿಗೆ ಹಾಕೋಣ್ರಿ. ಪಾಠ, ಪರೀಕ್ಷೆ, ಇಲ್ಲಾ ನಿಮ್ಮ ಸಮಾರಂಭ. ಯಾವುದರ ಎದುರು ಯಾವುದು ಅಂತ ನೀವ ಠರಾಯಿಸ್ರಿ."

ಸರ್ ಕಣ್ಣು ಮಿನುಗಿತು. ಓಟಿನ ಸರದಿ ಯಾರ ಕೈಯಲ್ಲಿದೆಯೋ ಫಲಿತಾಂಶವೂ ಅವರ ಕೈಯಲ್ಲೇ ಎಂದು ಹಿಂದಿನ ವಾರವಷ್ಟೇ ಕಲಿಸಿದ್ದರು. ಯಾರಿಗೆ ಯಾವುದು ಮೊದಲು, ಯಾವುದು ಕೊನೆಗೆ ಎಂದು ಹದಿನೆಂಟು ಜನರಿಂದಲೂ ಚೀಟಿ ಬರೆಸಿಕೊಂಡು ಲೆಕ್ಕ ಹಾಕಿದರು. ನೇರ ಪೈಪೋಟಿಯಲ್ಲಿ ಪರೀಕ್ಷೆ ಪಾಠವನ್ನು ಸೋಲಿಸುತ್ತಿತ್ತು. ಪಾಠ ಸಮಾರಂಭವನ್ನು ಸೋಲಿಸುತ್ತಿತ್ತು. ಪರೀಕ್ಷೆಗೂ ಸಮಾರಂಭಕ್ಕೂ ಮಾತ್ರ ಸಮಾಸಮ. ಸರ್‌ಗೆ ಬೇಕಾದದ್ದು ಪಾಠ. ಹಾಗಾದರೆ ಮೊದಲು ಸಮಾರಂಭದ ಕೈಯಿಂದ ಪರೀಕ್ಷೆಯನ್ನು ಸೋಲಿಸಬೇಕು, ಆಮೇಲೆ ಪಾಠದ ಕೈಯಿಂದ ಸಮಾರಂಭವನ್ನು.

ಮೊದಲ ಸುತ್ತಿನಲ್ಲಿ ಪರೀಕ್ಷೆಗೆ ಒಂಬತ್ತು ಕೈ, ಸಮಾರಂಭಕ್ಕೆ ಒಂಬತ್ತು.

"ಸಮಾ ಬಿತ್ತಲ್ರಿ ಸರ್" ಎಂದ ಮಾಂತು, ಸಾವಿನ ಮನೆಗೆ ಬಂದವನಂಥ ಮುಖ ಮಾಡಿ. "ಈಗ ನಿಮ್ಮ ಕೈಯಾಗ ಅದ."

ಸರ್ ಎರಡು ಸಲ ಕೆಮ್ಮಿದರು. "ನೋಡ್ಕೊಳ್ರಿ, ನನ್ನ ಶಾಲಿಗೆ ನಾನ ಓಟು ಹಾಕ್ಲಿಕತ್ತೀನಿ. ಇದಕ್ಕ ತಂತ್ರ ಅಂತಾರ" ಎಂದು ಬಲಗೈ ಎತ್ತಿದರು. ಸಮಾರಂಭ ಗೆದ್ದಿತು. ಎರಡನೆಯ ಸುತ್ತಿಗೆ ಸರ್ ನಿರಾಳವಾಗಿ ಕೇಳಿದರು: "ಪಾಠಕ್ಕ ಯಾರು?"

ಒಂದು ಕೈಯೂ ಏಳಲಿಲ್ಲ.

"ಸಮಾರಂಭಕ್ಕ?"

ಹದಿನೆಂಟು.

ಸರ್ ಚೀಟಿಗಳನ್ನು ತಿರುವಿ ಮುರುವಿ ನೋಡಿದರು. "ಚೀಟಿಯಾಗ ಸುಳ್ಳ ಬರದ್ರೇನ್ರಲೇ?"

ಚೀಟಿಯಲ್ಲಿ ಏನು ಬರೆಯಬೇಕೆಂದು ಎಲ್ಲರಿಗೂ ಮೊದಲೇ ಬರೆದು ಕೊಟ್ಟಿದ್ದ ಸಹಪಾಠಿ ನೀತಾ ಮರಾಠಿಯಲ್ಲಿ ವಿನಯದಿಂದ ಹೇಳಿದಳು: "ಆಮ್ಹೀ ಆಮ್ಚಾ ಫಾಯದಾ ಬಘಿತ್ಲಾ, ಸರ್." ನಮ್ಮ ಲಾಭ ನಾವು ನೋಡಿಕೊಂಡೆವು. ಐದು ವಾರದಿಂದ ಅವರೇ ಕಲಿಸಿದ್ದ ಮಾತು.

ಮುಂದಿನ ಶನಿವಾರ ಅವರು ಒಳಗೆ ಬಂದಾಗ ಮೊದಲ ಬೆಂಚಿನಲ್ಲಿ, ನೀತಾಳ ಪಕ್ಕ, ಇಳಕಲ್ ಸೀರೆಯುಟ್ಟು ಸಾವಂತ್ರವ್ವ ಕೂತಿದ್ದರು. ಸರ್ ಒಂದು ಗಳಿಗೆ ಬಾಗಿಲಲ್ಲೇ ನಿಂತರು. ಶಾಲು ಹೊದ್ದರು, ತೆಂಗಿನಕಾಯಿ ಇಸಿದುಕೊಂಡರು. ಭಾಷಣ ಮಾಡಿ ಎಂದಾಗ ಚಾಕ್‌ಪೀಸು ಎತ್ತಿಕೊಂಡು, ಓಟಿನ ಸರದಿಯ ಪಾಠವನ್ನೇ ಮೊದಲಿನಿಂದ ಶುರುಮಾಡಿದರು, ಒಂದು ಸಾಲು ಮರಾಠಿ, ಒಂದು ಸಾಲು ಕನ್ನಡ. ಅವರು ಕೆಮ್ಮಿದಾಗಲೆಲ್ಲ ಸಾವಂತ್ರವ್ವ ಮಾಂತುವಿನ ಕಡೆ ತಿರುಗಿ ನೋಡುತ್ತಿದ್ದರು.

"ಏನರ ಡೌಟ್ ಇದ್ರ ಕೇಳ್ರಿ" ಎಂದರು ಸರ್, ಕೊನೆಗೆ.

ಮೊದಲ ಬೆಂಚಿನಿಂದ ಹಸಿರು ಬಳೆಯ ಕೈಯೊಂದು ಮೇಲೆದ್ದಿತು.

"ದಿನಾ ಚೀಲ ಹಿಡಕೊಂಡು ಕೇಳ್ತೀರಲ್ರಿ, ಹೀರಿಕಾಯೋ ಬದನಿಕಾಯೋ ಅಂತ. ನಾ ಬದನಿಕಾಯಿ ಅಂತೀನಿ. ಹಂಗಾರ ಬದನಿಕಾಯೋ ಬೆಂಡಿಕಾಯೋ ಅಂತೀರಿ. ಮೂವತ್ತೊಂದ ವರ್ಷದಿಂದ ಮನಿಗೆ ಬರೂದು ಬರೇ ಬೆಂಡಿಕಾಯಿ. ಇದೂ ಅದಽ ಏನ್ರಿ?"

ಕನ್ನಡ ಬಲ್ಲ ನಾಲ್ಕೈದು ಜನ ಮೊದಲು ನಕ್ಕರು. ಉಳಿದವರಿಗೆ ಮರಾಠಿಯಲ್ಲಿ ಹೇಳಲೆಂದು ಮಾಂತು ಎದ್ದು ನಿಂತ, ಆದರೆ ಸರ್ ನಗು ನಿಂತರೆ ತಾನೇ ಹೇಳುವುದು? ಅವರು ಮೇಜು ಹಿಡಿದುಕೊಂಡು ಬಗ್ಗಿ ಬಗ್ಗಿ ನಗುತ್ತಿದ್ದರು. ಶಾಲಿನ ಅಂಚಿನಿಂದ ಕಣ್ಣು ಒರೆಸಿಕೊಂಡು, ಕನ್ನಡಕ ಒರೆಸಿಕೊಂಡು, ಮತ್ತೆ ನಗುತ್ತಿದ್ದರು.

ಸಾವಂತ್ರವ್ವನ ಕೈ ಇನ್ನೂ ಮೇಲೆಯೇ ಇತ್ತು.