ಹೆಸರು ಕೇಳುವ ನಿಲ್ದಾಣ

ನೀರಿನ ತೊಟ್ಟಿಯವರೆಗೆ ಹಳಿ ಕೂಡಿಸಿಯಾದ ಮೇಲೆ ಎಲ್ಲರೂ ಸಲಿಕೆಗಳನ್ನು ಕೆಳಗಿಟ್ಟರು. ಅದರಾಚೆಗೂ ಹಳಿ ಇತ್ತು. ಬೆಂಕಿಯ ಕಾವಿಗೆ ಸೊಟ್ಟಗಾಗಿ, ಬಟ್ಟೆ ಒಣಹಾಕುವ ಹಗ್ಗದ ಹಾಗೆ ಅಲ್ಲಲ್ಲಿ ಜೋಲುಬಿದ್ದು, ಕರಿ ಮರಗಳ ನಡುವೆ ಏರು ಹತ್ತಿ ಮರೆಯಾಗುತ್ತಿತ್ತು. ಅದನ್ನು ಇವತ್ತೇ ಬಿಚ್ಚಲು ಶುರುಮಾಡಬಹುದಿತ್ತು. ಹೊತ್ತು ಇನ್ನೂ ಬೇಕಾದಷ್ಟಿತ್ತು. ಆದರೆ ಹಲ್ಲಿನ ಡಾಕ್ಟರು ಕೈಗವಸು ಕಳಚಿದರು. ಕೆಲಸದಿಂದ ನಿವೃತ್ತರಾದ ಪೋಸ್ಟ್‌ಮ್ಯಾನ್ ಸೊಂಟಕ್ಕೆ ಕೈಕೊಟ್ಟು "ಅಯ್ಯಪ್ಪಾ" ಎಂದು ಕೂತರು. ಬಸ್ಸಿನ ಕಂಡಕ್ಟರಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಚಹಾ ಬಗ್ಗಿಸತೊಡಗಿದಳು. ಯಾರೊಬ್ಬರೂ ಮೇಲಕ್ಕೆ ನೋಡಲಿಲ್ಲ.

ಡ್ರೈವರ್ ಮಾವನಿಗೆ ಅದು ಅರ್ಥವಾಗದೆ ಇರಲಿಲ್ಲ. ಕೆಲವು ಭಾನುವಾರಗಳಿಂದ ನೋಡುತ್ತಲೇ ಇದ್ದರು. ತಮ್ಮ ಮುಲಾಜಿಗಾಗಿ ಇವರೆಲ್ಲ ಈ ತೊಟ್ಟಿಯ ಹತ್ತಿರ ಬಂದಕೂಡಲೇ ಸುಸ್ತಾಗುತ್ತಿದ್ದರು.

ಊರಿನ ಅಂಚಿನ ಹಳೇ ಕಲ್ಲುಗಣಿಯ ಹಿಂದಿನ ಗುಡ್ಡದಲ್ಲಿ ಓಡುತ್ತಿದ್ದ ಆ ರೈಲು ಮೊಣಕಾಲೆತ್ತರದ್ದು. ಎರಡು ಹಳಿಗಳ ನಡುವಿನ ಅಂತರ ಒಂದು ಗೇಣಿಗೂ ಕಡಿಮೆ. ಸೀಟಿನ ಮೇಲೆ ಕುದುರೆ ಹತ್ತಿದ ಹಾಗೆ ಎರಡೂ ಕಡೆ ಕಾಲು ಬಿಟ್ಟು ಕೂರಬೇಕು. ಆದರೆ ಎಂಜಿನ್ ಆಟದ್ದಲ್ಲ. ಕಲ್ಲಿದ್ದಲು ತಿನ್ನುತ್ತಿತ್ತು, ನೀರು ಕುಡಿಯುತ್ತಿತ್ತು, ನಿಜವಾದ ಹಬೆ ಬಿಡುತ್ತಿತ್ತು. ಗಿರಣಿಯ ಬಾಯ್ಲರಿನ ಮುಂದೆ ಆಯುಷ್ಯ ಸವೆಸಿದ ಡ್ರೈವರ್ ಮಾವ ಅದನ್ನು ಮಗುವಿನ ಹಾಗೆ ಸಾಕಿದ್ದರು. ಇಲ್ಲಿ ಯಾರಿಗೂ ಸಂಬಳವಿಲ್ಲ. ವಾರವೆಲ್ಲ ತಮ್ಮ ತಮ್ಮ ಕೆಲಸ ಮಾಡಿಕೊಂಡು ಭಾನುವಾರ ಬಂದು ಎಣ್ಣೆ ಬಳಿದುಕೊಳ್ಳುವ ಹುಚ್ಚು ಹಿಡಿದ ಹತ್ತಾರು ಜನ, ಅಷ್ಟೆ.

ಬೇಸಗೆಯಲ್ಲಿ ಗುಡ್ಡದ ಆಚೆ ಮಗ್ಗುಲಿಂದ ಬೆಂಕಿ ಬಂತು. ಒಂದು ಮಧ್ಯಾಹ್ನದಲ್ಲಿ ಷೆಡ್ಡು, ಬೋಗಿಗಳು, ಹಳಿಯ ಕೆಳಗಿನ ಮರದ ಪಟ್ಟಿಗಳು, ಇಳಿಜಾರಿನ ಮರಗಳು ಎಲ್ಲವೂ ಹೋದವು. ಎಂಜಿನ್ ಮಾತ್ರ ಬೂದಿಯ ನಡುವೆ ಕಪ್ಪಗೆ ಕೂತಿತ್ತು, ಅದರ ಬಾಯ್ಲರಿನ ತಗಡು ಉಬ್ಬಿಹೋಗಿತ್ತು. ಅದು ಮತ್ತೆ ಹಬೆ ಬಿಡಬೇಕಾದರೆ ವರ್ಷಗಟ್ಟಲೆ ಕೆಲಸ.

"ಮಾವ, ತಗೊಳ್ಳಿ," ಎಂದು ಕಂಡಕ್ಟರಮ್ಮ ಲೋಟ ಕೊಟ್ಟಳು. "ಸಕ್ಕರೆ ಕಮ್ಮಿ ಹಾಕಿದೀನಿ. ಜಾಸ್ತಿ ಬೇಕು ಅಂದ್ರೆ ಡಾಕ್ಟ್ರನ್ನ ಕೇಳಿ."

"ನಾನು ಹಲ್ಲಿನ ಡಾಕ್ಟ್ರು. ಜನ ಸಕ್ಕರೆ ತಿಂದಷ್ಟೂ ನನಗೆ ಒಳ್ಳೇದು," ಎಂದರು ಡಾಕ್ಟರು. ಸಂಘಕ್ಕೆ ಅವರೇ ಅಧ್ಯಕ್ಷರು. ಚಹಾ ಕುಡಿದು ಗಂಟಲು ಸರಿಮಾಡಿಕೊಂಡರು. "ಒಂದು ಸಮಾಚಾರ ಇದೆ. ಬೇರೆ ಊರಿನ ರೈಲು ಸಂಘದವರು ನಮಗೊಂದು ಬ್ಯಾಟರಿ ಎಂಜಿನ್ ಕೊಡ್ತಾರಂತೆ. ನಮ್ಮದು ರಿಪೇರಿ ಆಗೋ ತನಕ ಇಟ್ಕೊಳ್ಳಿ ಅಂದಿದಾರೆ."

"ಬ್ಯಾಟರೀದಾ?" ಎಂದರು ಪೋಸ್ಟ್‌ಮ್ಯಾನ್. "ಒಲೆ ಇಲ್ಲದ ಅಡುಗೆಮನೆ ಇದ್ದಂಗೆ."

"ಹಾಗಂದ್ರೆ ಹೇಗೆ? ಬಟನ್ ಒತ್ತಿದ್ರೆ ಒಂದೇ ಉಸಿರಿಗೆ ತುದಿ ಮುಟ್ಟತ್ತೆ. ನಡುವೆ ನಿಂತು ದಮ್ಮು ತಗೊಳ್ಳೋ ತಾಪತ್ರಯ ಇಲ್ಲ." ಇಷ್ಟು ಹೇಳಿದ ಮೇಲೆ ಡಾಕ್ಟರಿಗೆ ತಾವೇನು ಹೇಳಿದೆವೆಂದು ಹೊಳೆಯಿತು. ಲೋಟದೊಳಗೆ ನೋಡುತ್ತ ದನಿ ತಗ್ಗಿಸಿದರು. "ಅಂದ್ರೆ, ಆ ನಿಲ್ದಾಣ... ಅದು ನಿಮ್ಮಿಷ್ಟ ಮಾವ. ನೀವು ಹೇಗೆ ಹೇಳ್ತೀರೋ ಹಾಗೆ."

ನಡುದಾರಿಯಲ್ಲಿ, ಕಡಿದಾದ ಏರು ಶುರುವಾಗುವ ಮೊದಲು, ಒಂದಿಷ್ಟು ಮಟ್ಟಸ ಜಾಗವಿತ್ತು. ಪುಟ್ಟ ಬಾಯ್ಲರಿಗೆ ಅಲ್ಲಿ ಸುಧಾರಿಸಿಕೊಳ್ಳದೆ ಮುಂದೆ ಹೋಗುವ ಶಕ್ತಿ ಇರಲಿಲ್ಲ. ಮೊದಮೊದಲು ಗಾಡಿ ಅಲ್ಲಿ ಸುಮ್ಮನೆ ನಿಲ್ಲುತ್ತಿತ್ತು. ಮಕ್ಕಳು ಅಳುತ್ತಿದ್ದವು, ದೊಡ್ಡವರು "ಕೆಟ್ಟೋಯ್ತಾ?" ಎಂದು ಹಿಂದಿನಿಂದ ಕೂಗುತ್ತಿದ್ದರು. ಡ್ರೈವರ್ ಮಾವನ ಹೆಂಡತಿ ಬಟ್ಟೆ ಹೊಲಿಯುವವಳು. ಗಂಡನಿಗೆ ಊಟ ತಂದ ಒಂದು ಭಾನುವಾರ ಈ ಗಲಾಟೆ ನೋಡಿ, ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣವನ್ನು ಸೆರಗಿನ ಗಂಟಿನಿಂದ ತೆಗೆದಳು. ಮುಂದಿನ ಸೀಟಿನಲ್ಲಿ ಅಳುತ್ತಿದ್ದ ಮಗುವಿನ ಹೆಸರು ಕೇಳಿ ಅದನ್ನು ಒಂದು ಹಲಗೆಯ ಮೇಲೆ ದಪ್ಪಗೆ ಬರೆದು, ಕಂಬಕ್ಕೆ ಒರಗಿಸಿ, ಬಾಯಿಗೆ ಕೈ ಅಡ್ಡಹಿಡಿದು ಆ ಹೆಸರಿನ ಊರು ಬಂತೆಂದು ಕೂಗಿದಳು. "ಇಳಿಯೋರು ಇಳೀರಿ, ಹತ್ತೋರು ಹತ್ತಿ." ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಮಗು ಅಳು ಮರೆತು ತನ್ನ ಊರನ್ನು ನೋಡಿತು.

ಅಂದಿನಿಂದ ಅದೇ ಪದ್ಧತಿಯಾಯಿತು. ಒಂದೊಂದು ಸುತ್ತಿಗೂ ಒಂದೊಂದು ಮಗುವಿನ ಹೆಸರು. ಹಲಗೆ ಹೋಗಿ, ಮುಚ್ಚಿಹೋದ ಶಾಲೆಯೊಂದರ ಕರಿಕಲ್ಲಿನ ಬೋರ್ಡು ಬಂತು. ಅವಳು ಎಲ್ಲರಿಗೂ ಬೋರ್ಡಿನ ಅತ್ತೆಯಾದಳು. ಅವಳದೊಂದೇ ಕಟ್ಟುಪಾಡು: ಹೆಸರನ್ನು ಮಗುವೇ ಬಾಯಿಬಿಟ್ಟು ಹೇಳಬೇಕು. ಅಮ್ಮ ಹೇಳಿದರೆ ನಡೆಯದು, ಅಜ್ಜಿ ಹೇಳಿದರೂ ನಡೆಯದು. ನಾಚಿಕೆಯ ಮಗುವಾದರೆ ಕಾಯುತ್ತ ನಿಲ್ಲುವಳು. ಇತ್ತ ಹಬೆ ತುಂಬಿ ಎಂಜಿನ್ನಿನ ವಾಲ್ವು ಕಿರುಚತೊಡಗುವುದು.

"ಹಬೆಯೆಲ್ಲ ದಂಡ ಆಗ್ತಿದೆ ಕಣೇ. ಏನೋ ಒಂದು ಗೀಚು."

"ರೀ, ನಿಮ್ಮ ವಾಲ್ವಿಗೆ ಸ್ವಲ್ಪ ಬಾಯಿ ಮುಚ್ಕೊಂಡಿರೋಕೆ ಹೇಳಿ. ಮಗು ಯೋಚನೆ ಮಾಡ್ತಿದೆ."

ಸಾಲಾಗಿ ಕೂತ ಜನ ನಗುತ್ತಿದ್ದರು. ಡ್ರೈವರ್ ಮಾವ ಮುಖ ಗಂಟುಹಾಕಿಕೊಂಡು ಸೀಟಿ ಹೊಡೆಯುತ್ತಿದ್ದರು. ಅದೂ ಆಟದ ಒಂದು ಭಾಗವೆಂದು ಜನ ತಿಳಿದಿದ್ದರು. ಆಟವಲ್ಲ, ಅವರಿಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು.

ಬೆಂಕಿಗೆ ಮುಂಚಿನ ಚಳಿಗಾಲದ ಕೊನೆಯಲ್ಲಿ ಅವಳು ತೀರಿಹೋದಳು. ಕೊನೆಯ ಭಾನುವಾರ ಬರೆದ ಹೆಸರು ಬೋರ್ಡಿನ ಮೇಲೆ ಹಾಗೇ ಇತ್ತು. ಇಬ್ಬನಿಗೆ ಅಳಿಸದಿರಲೆಂದು ಡ್ರೈವರ್ ಮಾವ ಅದರ ಮೇಲೊಂದು ತಗಡು ಹೊದಿಸಿ ತಂತಿ ಬಿಗಿದು ಬಂದರು. ಯಾರದೋ ಮಗುವಿನ ಹೆಸರು. ಆದರೆ ಅಕ್ಷರ ಅವಳದು. ಅವಳನ್ನು ಅವರು ಹೆಸರು ಹಿಡಿದು ಕರೆದದ್ದೇ ಅಪರೂಪ. 'ನೋಡೇ', 'ಏನೇ' ಎನ್ನುವುದರಲ್ಲೇ ಸಂಸಾರ ಮುಗಿದಿತ್ತು. ಈಗ ಬೆಳಿಗ್ಗೆ ದೇವರಿಗೆ ಕೈಮುಗಿಯುವಾಗ ಏನನ್ನೂ ಬೇಡದೆ, ಅವಳ ಹೆಸರನ್ನು ಒಮ್ಮೆ ಹೇಳಿ ಸುಮ್ಮನಾಗುತ್ತಿದ್ದರು. ಬೆಂಕಿ ಬಂದ ದಿನ ಊರವರೆಲ್ಲ ಷೆಡ್ಡಿನ ಕಡೆ ನೋಡುತ್ತಿದ್ದರೆ ಅವರ ಕಣ್ಣು ಇದ್ದದ್ದು ನಡುಗುಡ್ಡದ ಮೇಲೆ.

"ನಿಲ್ದಾಣ ಬೇಡ," ಎಂದರು ಈಗ. "ನಿಲ್ಲಬೇಕಾದ ಎಂಜಿನ್ನೇ ಇಲ್ಲ ಅಂದ್ಮೇಲೆ ಸುಮ್ಮನೆ ಯಾಕೆ ನಿಲ್ಲಿಸೋದು? ನೇರ ಹೋಗ್ಲಿ."

ಡಾಕ್ಟರು ತಲೆಯಾಡಿಸಿದರು. ಕಂಡಕ್ಟರಮ್ಮ ಏನೋ ಹೇಳಹೋಗಿ ಬಿಟ್ಟಳು. ಪೋಸ್ಟ್‌ಮ್ಯಾನ್ ಮಾತ್ರ ಸುಮ್ಮನಿರಲಿಲ್ಲ. ಅವರಿಗೆ ಅದು ಅಭ್ಯಾಸವೂ ಇರಲಿಲ್ಲ.

"ಮೊನ್ನೆ ಮೊಳೆ ತರೋಕೆ ಹೋಗಿದ್ನಲ್ಲ, ಅಂಗಡಿಯೋನು 'ನನ್ನ ಸ್ಟೇಷನ್ ಸುಟ್ಟೋಯ್ತಂತೆ' ಅಂತ ಮುಖ ಸಣ್ಣಗೆ ಮಾಡ್ಕೊಂಡ. ಪಕ್ಕದಲ್ಲಿ ಒಬ್ಬ ಪೊಲೀಸು ಬೀಗ ಕೊಳ್ತಿದ್ದ. 'ನಿಂದು ಹೇಗಾಗತ್ತೆ, ಅದು ನಂದು' ಅಂದ. ಜಗಳ ಹತ್ಕೊಳ್ತು. ಕೊನೆಗೆ ನೋಡಿದ್ರೆ ಇಬ್ಬರ ಹೆಸರೂ ಒಂದೇ. ಹಾಳಾದೋರು, ಒಬ್ಬರನ್ನೊಬ್ಬರು ತಬ್ಕೊಂಡ್ರು. ನನ್ನ ಮೊಳೆ ಕೇಳೋರೇ ಇಲ್ಲ."

ಎಲ್ಲರೂ ನಕ್ಕರು. ಡ್ರೈವರ್ ಮಾವನೂ ಅರ್ಧ ನಕ್ಕರು. ಆಮೇಲೆ ಲೋಟ ಕೆಳಗಿಟ್ಟು ಎದ್ದು, ಯಾರಿಗೂ ಏನೂ ಹೇಳದೆ, ತೊಟ್ಟಿ ದಾಟಿ ಮೇಲಕ್ಕೆ ನಡೆಯತೊಡಗಿದರು.

ಬೂದಿ ಕಾಲಕೆಳಗೆ ಮೆತ್ತಗಿತ್ತು. ಮೊದಲು ಪೊದೆಗಳ ಮರೆಯಲ್ಲಿ ಹಾವಿನ ಹಾಗೆ ಸರಿದುಹೋಗುತ್ತಿದ್ದ ದಾರಿ ಈಗ ಬೋಳಾಗಿ, ಬಹಳ ಗಿಡ್ಡ ಎನ್ನಿಸಿತು. ಮಟ್ಟಸ ಜಾಗ ಬಂತು. ಕಂಬ ಉರಿದು ಮೋಟಾಗಿತ್ತು. ಮುದುರಿದ ತಗಡು ನೆಲದ ಮೇಲೆ ಬಿದ್ದಿತ್ತು. ಅವರು ಕಷ್ಟಪಟ್ಟು ಮೊಣಕಾಲೂರಿ ಕೂತರು. ತಗಡನ್ನು ಎತ್ತುವ ಮೊದಲು ಕಣ್ಣು ಮುಚ್ಚಿ, ದೇವರೇ, ಎಂದಷ್ಟೇ ಅಂದರು.

ಚೌಕಟ್ಟು ಬೂದಿಯಾಗಿತ್ತು. ಕಲ್ಲು ಒಂದು ಮೂಲೆ ಸಿಡಿದು ಉಳಿದಿತ್ತು. ಅದರ ಮೇಲೆ ಅಕ್ಷರವಿರಲಿಲ್ಲ. ಅವರು ಅಂಗೈಯಿಂದ ಮಸಿ ಒರೆಸಿದರು, ತಲೆ ಓರೆಮಾಡಿ ಬೆಳಕಿಗೆ ಹಿಡಿದು ನೋಡಿದರು. ಒಂದು ಗೀರೂ ಇಲ್ಲ. ಹೊಸ ಪಾಠಕ್ಕೆ ಒರೆಸಿಟ್ಟ ಹಾಗೆ ಕಪ್ಪಗೆ, ಸ್ವಚ್ಛವಾಗಿತ್ತು.

ಹಿಂದಿನಿಂದ ಕಾಲಸಪ್ಪಳ ಕೇಳಿತು. ಕಂಡಕ್ಟರಮ್ಮ ಹಾರೆ ಹಿಡಿದು ಬಂದಿದ್ದಳು. "ಹಾರೆ ಬೇಕಾಗಬಹುದು ಅಂತ..." ಎಂದಳು. ಬೇಕಾಗಿರಲಿಲ್ಲ. ಅವರು ಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅವಳೂ ಬಂದು ಬೂದಿಯಲ್ಲೇ ಕೂತಳು.

"ಹೋಗಿಬಿಟ್ಟಿದೆ ಕಣಮ್ಮ," ಎಂದರು.

ಅವಳು ಹಾರೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ, "ಮಾವ, ನಾನು ಯಾಕೆ ಇಲ್ಲಿ ಸೇರಿದ್ದು ಅಂತ ನೀವು ಯಾವತ್ತೂ ಕೇಳಲಿಲ್ಲ," ಎಂದಳು.

"ಬಸ್ಸಲ್ಲಿ ಓಡಾಡಿ ಸಾಕಾಗಲ್ವಾ ಇವಳಿಗೆ ಅಂದ್ಕೊಂಡಿದ್ದೆ."

"ಚಿಕ್ಕವಳಿದ್ದಾಗ ಚಿಕ್ಕಮ್ಮ ಒಂದ್ಸಲ ಇಲ್ಲಿಗೆ ಕರ್ಕೊಂಡು ಬಂದಿದ್ರು. ಮನೇಲಿ ನನ್ನನ್ನ 'ಏ' ಅಂತಿದ್ರು, 'ಇವಳೇ' ಅಂತಿದ್ರು. ಹೆಸರು ಹೇಳು ಅಂದ್ರೆ ನಾಲಿಗೇನೇ ಏಳ್ಲಿಲ್ಲ. ಚಿಕ್ಕಮ್ಮ 'ಅವಳಿಗೆ ಬಾಯಿಲ್ಲ, ನಾನು ಹೇಳ್ತೀನಿ ಬರ್ಕೊಳ್ಳಿ' ಅಂದ್ರು. ಅತ್ತೆ ಏನಂದ್ರು ಗೊತ್ತಾ? 'ಬಾಯಿಲ್ದೇ ಇದ್ರೆ ಆ ಬನ್ನು ಎಲ್ಲಿಗೆ ಹೋಗ್ತಿದೆ' ಅಂದ್ರು."

ಡ್ರೈವರ್ ಮಾವನ ಭುಜ ನಗುವಿಗೆ ಅಲುಗಿತು. ಹೆಂಡತಿ ಹಾಗೇ ಹೇಳುವವಳು.

"ತುಂಬಾ ಹೊತ್ತು ನಿಂತ್ವಿ. ಹಿಂದೆ ಎಲ್ಲರೂ ಗೊಣಗ್ತಿದ್ರು. ವಾಲ್ವು ಕಿರುಚಿ ಕಿರುಚಿ ಇಟ್ಟಿತು. ನೀವು ಸೀಟಿ ಹೊಡೆದ್ರಿ. ನಾನು ಸೀಟಿಗೆ ಹೆದರಿ ಬಾಯಿಬಿಟ್ಟೆ ಅಂತ ಚಿಕ್ಕಮ್ಮ ಇವತ್ತಿಗೂ ಹೇಳ್ತಾರೆ. ಅಲ್ಲ ಮಾವ. ಅತ್ತೆ ನಿಮ್ಮ ಕಡೆ ತಿರುಗಿ ಒಂದು ನೋಟ ಬಿಟ್ರಲ್ಲ, ನಿಮ್ಮ ಮುಖ ನೋಡಬೇಕಿತ್ತು. ನಗು ಬಂದ್ಬಿಡ್ತು. ನಗ್ತಾ ನಗ್ತಾ ಹೇಳ್ಬಿಟ್ಟೆ." ಅವಳು ಬೂದಿಯಲ್ಲಿ ಬೆರಳಾಡಿಸಿದಳು. "ಈಗ ದಿನವಿಡೀ ಊರಿನ ಹೆಸರು ಕೂಗೋದೇ ನನ್ನ ಕೆಲಸ."

ಅವರಿಗೆ ಆ ದಿನ ನೆನಪಾಗಲಿಲ್ಲ. ಅಂಥ ದಿನಗಳು ಬಹಳ. ಆದರೆ ಆ ನೋಟ ನೆನಪಾಯಿತು. ಕತ್ತರಿಯನ್ನು ಬಟ್ಟೆಯ ನಡುವೆ ನಿಲ್ಲಿಸಿ ತಲೆಯೆತ್ತುವಾಗಲೂ ಅವಳದು ಅದೇ ನೋಟ. ಅದು ಬಿದ್ದ ಮೇಲೆ ಅವರ ಸಿಟ್ಟು ಎಂದೂ ಉಳಿದದ್ದಿಲ್ಲ. ಬೋರ್ಡಿನ ಮೇಲೆ ಒಂದು ಹನಿ ಬಿತ್ತು. ಅವರು ಅದನ್ನು ತೋಳಿನಿಂದ ಒರೆಸಿದರು.

ಬಹಳ ಹೊತ್ತಿನ ಮೇಲೆ ಎದ್ದು ನಿಂತು, ಪಾದದಿಂದ ನೆಲವನ್ನು ಒತ್ತಿ ನೋಡಿದರು. "ಇಲ್ಲಿ ನೆಲ ಕುಸಿದಿದೆ," ಎಂದರು. "ಎರಡು ಗಾಡಿ ಜಲ್ಲಿ ಹಾಕಿ ಮಟ್ಟ ಮಾಡಬೇಕು. ನಿಂತಾಗ ಬೋಗಿ ವಾಲಬಾರದು."

ಕಂಡಕ್ಟರಮ್ಮ ಎದ್ದಳು. ಹಾರೆಯನ್ನು ಸೊಟ್ಟ ಹಳಿಯ ಮೊದಲ ಮೊಳೆಗೆ ಕೊಟ್ಟು ಮೀಟಿದಳು. ಆ ಸದ್ದಿಗೆ ಕೆಳಗೆ ತೊಟ್ಟಿಯ ಹತ್ತಿರ ಡಾಕ್ಟರು, ಪೋಸ್ಟ್‌ಮ್ಯಾನ್ ಇಬ್ಬರೂ ತಲೆಯೆತ್ತಿದರು, ಆಮೇಲೆ ಸಲಿಕೆ ಹುಡುಕಿದರು.

ಮಳೆ ಬಂದು ಹೋದ ಮೇಲಿನ ಒಂದು ಭಾನುವಾರ ರೈಲು ಮತ್ತೆ ಹೊರಟಿತು. ಬ್ಯಾಟರಿ ಎಂಜಿನ್ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು. ಕರಿ ಮರಗಳ ಬುಡದಲ್ಲಿ ಹಸಿರು ಚಿಗುರು ಗೊಂಚಲು ಗೊಂಚಲಾಗಿ ಎದ್ದಿತ್ತು. ಮೊದಲ ಸೀಟಿನಲ್ಲಿ ಎರಡು ಜಡೆಯ ಒಂದು ಹೆಣ್ಣುಮಗು, ಅದರ ಹಿಂದೆ ಅಜ್ಜ, ಅವರ ಹಿಂದೆ ಊರ ಜನ, ಕೊನೆಯಲ್ಲಿ ಮೊಣಕಾಲು ಕಿವಿಗೆ ತಾಗಿಸಿಕೊಂಡು ಕೂತ ಡಾಕ್ಟರು ಮತ್ತು ಪೋಸ್ಟ್‌ಮ್ಯಾನ್.

ಮಟ್ಟಸ ಜಾಗದಲ್ಲಿ ಡ್ರೈವರ್ ಮಾವ ಗಾಡಿ ನಿಲ್ಲಿಸಿದರು. ಹೊಸ ಕಂಬಕ್ಕೆ ಮೂಲೆ ಒಡೆದ ಬೋರ್ಡು ಒರಗಿತ್ತು. ಕಂಡಕ್ಟರಮ್ಮ ಸೀಮೆಸುಣ್ಣ ಹಿಡಿದು ಬಗ್ಗಿದಳು. "ಇದು ಯಾವ ಊರಮ್ಮ? ನಿನ್ನ ಹೆಸರೇನು?"

ಮಗು ತುಟಿ ಒಳಗೆ ಎಳೆದುಕೊಂಡಿತು.

"ಹೇಳೇ ಪುಟ್ಟಿ," ಎಂದು ಅಜ್ಜ ತಿವಿದರು. "ನಾಚಿಕೆ ಇದಕ್ಕೆ. ನಾನೇ ಹೇಳಿಬಿಡ್ತೀನಿ."

"ನೀವು ಹೇಳಂಗಿಲ್ಲ ಯಜಮಾನ್ರೇ," ಎಂದು ಹಿಂದಿನಿಂದ ಪೋಸ್ಟ್‌ಮ್ಯಾನ್ ಕೂಗಿದರು. "ಇಲ್ಲಿನ ಕಾನೂನು ಬೇರೆ."

ಮತ್ತೂ ಹೊತ್ತಾಯಿತು. ಯಾರೋ ಕೆಮ್ಮಿದರು. "ಮಾವ, ಕೆಳಗೆ ಮುಂದಿನ ಸುತ್ತಿಗೆ ಜನ ನಿಂತಿದಾರೆ," ಎಂದರು ಡಾಕ್ಟರು ಮೆಲ್ಲಗೆ.

ಡ್ರೈವರ್ ಮಾವನ ಬಲಗೈ ತಾನಾಗಿ ಮೇಲೆದ್ದು, ಸೀಟಿಯ ಸರಪಳಿ ಇರುತ್ತಿದ್ದ ಕಡೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಆ ಕೈಯನ್ನು ಇಳಿಸಿ ಅವರು ಬಟನ್ ಒತ್ತಿದರು. ಎಂಜಿನ್ ಗುಂಯ್‌ಗುಡುವುದೂ ನಿಂತಿತು. ಸುಟ್ಟ ಮರವೊಂದನ್ನು ಹಕ್ಕಿಯೊಂದು ಕುಕ್ಕುವುದು ಕೇಳಿಸಿತು.

ಅವರು ಹಿಂದಕ್ಕೆ ತಿರುಗಿ ಕೂತು, ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಅವಸರ ಇಲ್ಲ ಮಗೂ," ಎಂದರು.

ಮಗು ಅವರನ್ನು ನೋಡಿತು, ಸೀಮೆಸುಣ್ಣವನ್ನು ನೋಡಿತು, ಖಾಲಿ ಬೋರ್ಡನ್ನು ನೋಡಿತು. ಗಾಡಿ ನಿಂತೇ ಇತ್ತು.