ಇಬ್ಬರ ಪಾಲು

"ನಿಜ ಹೇಳಮ್ಮಾ, ಪೂರ್ತಿ ಮಾತ್ರೆ ಕೊಡ್ತಾ ಇದ್ದೀಯಾ?" ಹೊಸಿಲು ದಾಟುವ ಮೊದಲೇ ನರ್ಸಮ್ಮ ಕೇಳಿದಳು.

ತಾಯಿ ಹಾಲಿನ ಪಾತ್ರೆ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. "ನೀವು ಹೇಳಿದ ಹಾಗೇ ಕೊಡ್ತೀನಿ. ಬೆಳಿಗ್ಗೆ, ತಿಂಡಿ ಆದ ಮೇಲೆ."

"ಮತ್ತೆ ರಕ್ತದಲ್ಲಿ ಅರ್ಧ ಔಷಧಿ ಮಾತ್ರ ಯಾಕೆ ಕಾಣ್ತಿದೆ?"

ಗೋಡೆಗೆ ಒರಗಿ ಕೂತಿದ್ದ ದೊಡ್ಡ ಮಗಳು ತಲೆ ತಗ್ಗಿಸಿದಳು. ಹೆಣ್ಣುಮಕ್ಕಳಿಬ್ಬರಿಗೂ ಒಂದೇ ಕಾಯಿಲೆ. ತೊಡೆಯ ಮಾಂಸ ಸೊರಗಿ, ಕೂತಲ್ಲಿಂದ ಏಳಬೇಕಾದರೆ ತಮ್ಮ ಕಾಲನ್ನೇ ಮರದಂತೆ ಹಿಡಿದು ಹತ್ತಬೇಕು. ತಾಯಿಯ ತಮ್ಮ ಹೀಗೇ ಹಾಸಿಗೆ ಹಿಡಿದು, ಕೊನೆಗೆ ಉಸಿರೆಳೆಯಲೂ ತ್ರಾಣವಿಲ್ಲದೆ ತೀರಿಹೋಗಿದ್ದ. ಈ ಹೊಸ ಔಷಧಿಯಿಂದ ಕಾಲು ಸೋತು ಬಿದ್ದಿದ್ದ ಇಲಿಗಳು ಎದ್ದು ಓಡಿವೆ, ಇನ್ನು ಮನುಷ್ಯರ ಸರದಿ ಎಂದು ಸಂಶೋಧನಾ ಆಸ್ಪತ್ರೆಯ ಡಾಕ್ಟರು ಹೇಳಿದಾಗ ದೊಡ್ಡವಳು, "ಬೆಕ್ಕು ಹಿಡಿಯಲ್ಲ ತಾನೆ?" ಎಂದು ಅವರನ್ನೂ ನಗಿಸಿದ್ದಳು. ಆದರೆ ಹತ್ತು ವರ್ಷ ತುಂಬದವರಿಗೆ ಈ ಔಷಧಿಯ ಪರೀಕ್ಷೆಯಲ್ಲಿ ಜಾಗವಿರಲಿಲ್ಲ. ಚಿಕ್ಕವಳಿಗಿನ್ನೂ ಏಳು.

"ಇವಳೊಬ್ಬಳೇ ಅಲ್ಲ, ಇನ್ನೂ ಎಷ್ಟೋ ಮನೆಗಳಲ್ಲಿ ಗುಣ ಕಾಣ್ತಿಲ್ಲ," ಎಂದಳು ನರ್ಸಮ್ಮ. "ಹೀಗೇ ಆದ್ರೆ, ಇದು ಇಲಿಗಷ್ಟೇ ಸರಿ, ಮನುಷ್ಯರಿಗೆ ನಾಟಲ್ಲ ಅಂತ ಮೂಲೆಗೆ ಹಾಕ್ತಾರೆ. ಆಮೇಲೆ ಯಾರಿಗೂ ಇಲ್ಲ."

"ಕೆಲವರ ಮೈಗೆ ಹತ್ತಲ್ಲವೇನೋ. ನನಗೇನು ಗೊತ್ತು?"

"ಡಬ್ಬಿ ತಾ. ಇವತ್ತಿನದು ನನ್ನೆದುರಿಗೇ ಆಗಲಿ."

ತಾಯಿ ಗೂಡಿನಿಂದ ಡಬ್ಬಿ ತೆಗೆದಳು. ಮಾತ್ರೆಗಳ ಸದ್ದು ಕೇಳಿದ್ದೇ ತಡ, ಚಿಕ್ಕವಳು ಗೋಡೆ ಹಿಡಿದುಕೊಂಡು ಒಳಮನೆಯಿಂದ ಬಂದಳು.

"ಅಮ್ಮಾ, ಅಪ್ಪನ ಬ್ಲೇಡು ತರ್ಲಾ?"

ತಾಯಿ ಡಬ್ಬಿಯನ್ನು ಎದೆಗೆ ಅವಚಿಕೊಂಡಳು. ನರ್ಸಮ್ಮ ಮೆಲ್ಲಗೆ ಚಾಪೆಯ ಮೇಲೆ ಕೂತಳು.

"ಯಾವಾಗಿಂದ?"

"ಮೊದಲನೇ ದಿನದಿಂದ." ತಾಯಿಯ ದನಿ ಏರಿತು. "ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚು ಅಂದ್ರೆ ಹೆತ್ತವಳ ಕೈಲಿ ಆಗುತ್ತಾ? ನಿಮ್ಮ ಇಲಿಗಳಿಗೆ ಪಾಲು ಕೇಳೋ ತಂಗಿ ಇರ್ಲಿಲ್ಲ, ನರ್ಸಮ್ಮಾ!"

"ಅರ್ಧದಲ್ಲಿ ಇಬ್ಬರೂ ಉಳಿಯಲ್ಲ, ತಾಯೀ. ಇದನ್ನ ನಾನು ಮುಚ್ಚಿಡೋ ಹಾಗಿಲ್ಲ. ದಿನಾ ಬಂದು ಎದುರಿಗೇ ನುಂಗಿಸ್ತೀನಿ ಅಂತ ಡಾಕ್ಟರ ಕಾಲಿಗೆ ಬೀಳ್ತೀನಿ. ದೊಡ್ಡವಳನ್ನಾದ್ರೂ ಪರೀಕ್ಷೆಯಿಂದ ತೆಗೆಯದೆ ಇಟ್ಕೋಬಹುದು."

"ಚಿಕ್ಕವಳು?"

"ಔಷಧಿ ಗೆದ್ದರೆ ಎಲ್ಲರಿಗೂ ಬರುತ್ತೆ."

"ಯಾವಾಗ?"

ನರ್ಸಮ್ಮ ತನ್ನ ಚೀಲದ ದಾರವನ್ನು ಬಿಗಿದಳು, ಮತ್ತೆ ಸಡಿಲಿಸಿದಳು.

"ನನಗೆ ಬೇಡಮ್ಮ, ಅವಳಿಗೇ ಕೊಡು," ಎಂದಳು ದೊಡ್ಡವಳು. "ನಾನು ಹೇಗೂ ಸೋಂಬೇರಿ, ಕೂತೇ ಇರ್ತೀನಿ."

"ಬಾಯಿ ಮುಚ್ಚು!" ಎಂದು ಗದರಿದ ತಾಯಿ, ಮರುಕ್ಷಣವೇ, "ಬಾಯಿ ತೆರಿ," ಎಂದಳು. ಮಗಳ ಗಲ್ಲ ಹಿಡಿದು ಇಡೀ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟಳು. ನೀರಿನ ಲೋಟವನ್ನು ಅವಳ ತುಟಿಗೆ ಹಿಡಿದಳು.

"ನುಂಗಿದೆಯಾ? ನಾಲಿಗೆ ಎತ್ತಿ ತೋರಿಸು," ಎಂದಳು ನರ್ಸಮ್ಮ.

ದೊಡ್ಡವಳು ತೋರಿಸಿದಳು. ಅಷ್ಟರಲ್ಲಿ ಚಿಕ್ಕವಳು ಗೋಡೆಯನ್ನು ಸವರುತ್ತ ಜಾರಿ ಅಕ್ಕನ ಪಕ್ಕದಲ್ಲೇ ಕೂತಿದ್ದಳು. ಕಣ್ಣು ಮುಚ್ಚಿ, ಮುಖ ಮೇಲೆತ್ತಿ, ತನ್ನ ಸರದಿಗಾಗಿ ಬಾಯಿ ತೆರೆದುಕೊಂಡಿದ್ದಳು.