ಆರಿಸಿದ ಲಿಂಬೆ

"ದಿನಾ ಸಂಜಿಕ ಹೋಗಿ ಮಷೀನಿನ್ಯಾಗ ಕಾರ್ಡ್ ತುರುಕಿ ನೋಡು ಅಂತ ನಿನಗ್ಯಾರ ಹೇಳಿದ್ರು, ಬೋಸಡಿ? ನೋಡಿದ್ದಕ್ಕ ಕಡದಾರ. ಅನುಭೋಗಸು!"

ಇಂಡಿ ಪಟ್ಟಣದ ಲಿಂಬೆ ಗೋದಾಮಿನ ಸಾಹುಕಾರ ಸಂಜೀವಕುಮಾರ ಕುರ್ಚಿಯಿಂದ ಏಳದೆಯೇ ಬೈಯುತ್ತಿದ್ದ. ಎದುರಿಗೆ ಚಂದವ್ವ, ಅವಳ ಕೈಯಲ್ಲಿ ಅವನೇ ಕೊಟ್ಟ ಪಗಾರದ ಕಾರ್ಡು. ನಾವು ಹೆಂಗಸರು ರಾಶಿಯ ಸುತ್ತ ಕೂತು ದಪ್ಪ ಲಿಂಬೆ, ಸಣ್ಣ ಲಿಂಬೆ, ಕೊಳೆತದ್ದು ಎಂದು ಆರಿಸುತ್ತಿದ್ದೆವು. ರಸ ತಾಗಿ ಬೆರಳೆಲ್ಲ ಉರಿಯುತ್ತಿತ್ತು.

ಮೊದಲು ಸಂತೆಯ ದಿನ ಬಟವಡೆ. ನೋಟು ಕೈಗೆ ಬರುತ್ತಿತ್ತು, ಸೆರಗಿಗೆ ಗಂಟು ಹಾಕಿಕೊಂಡು ನೇರ ಸಂತೆಗೆ ನಡೆಯುತ್ತಿದ್ದೆವು. ಕಾರ್ಡು ಬಂದ ಮೇಲೆ ಪಗಾರ ಬಿತ್ತೋ ಇಲ್ಲವೋ ಯಾರಿಗೆ ಗೊತ್ತು? ಕೆಲಸ ಬಿಟ್ಟ ಕೂಡಲೇ ಬಸ್ ಸ್ಟ್ಯಾಂಡಿನ ಎಟಿಎಂ ಮಷೀನಿಗೆ ಹೋಗಿ ನೋಡುವುದು, ಬಂದಿಲ್ಲವೆಂದರೆ ಮರುದಿನ ಮತ್ತೆ ನೋಡುವುದು. ಬರಿ ನೋಡಿದ್ದಕ್ಕೂ ಕಾರ್ಡಿನವರು ಪಗಾರ ಕಡಿಯುತ್ತಾರೆಂದು ಒಬ್ಬನಾದರೂ ಬಾಯಿ ಬಿಡಲಿಲ್ಲ, ಹಾಳಾದವರು. ತೆಗೆದರೆ ಬೇರೆ ಕಡಿತ. ತೆಗೆಯದೆ ಇಟ್ಟರೂ ಕಡಿತವಂತೆ.

ಎಲ್ಲರಿಗಿಂತ ಹೆಚ್ಚು ನೋಡಿದವಳು ಚಂದವ್ವ. ಗಂಡ ಪರಪ್ಪನಿಗೆ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣು ಕಪ್ಪಾಗುತ್ತಿತ್ತು, ಸೂಜಿಯ ಔಷಧಿ ಮುಗಿದಿತ್ತು. ಕಡಿದು ಉಳಿದ ಪಗಾರ ಔಷಧಿಗೆ ಸಾಲಲಿಲ್ಲ.

"ಸಾವ್ಕಾರ್ರ, ಔಷಧ ಅಂಗಡ್ಯಾವ ಉದ್ರಿ ಕೊಡಂಗಿಲ್ಲ ಅಂತಾನ. ಕಡದಿದ್ದ ರೊಕ್ಕರ ಕೈಯಾಗ ಕೊಡ್ರಿ. ಸೂಜಿ ತಪ್ಪಿದ್ರ ಕಾಲ ಕೊಯ್ತಾರಂತ್ರಿ."

"ಕಡದಾವ್ರು ಕಾರ್ಡಿನವ್ರು. ಅವ್ರನ್ನ ಕೇಳು."

"ಎಲ್ಲಿರ್ತಾರ್ರಿ ಅವ್ರು?"

"ಫೋನಿನ್ಯಾಗ," ಎಂದು ಗುಮಾಸ್ತ ಅಮಿತ ಕಿಸಕ್ಕನೆ ನಕ್ಕ.

ನನ್ನ ಪಕ್ಕದಲ್ಲಿದ್ದ ಶಕೀಲಾ ತಡೆದುಕೊಳ್ಳಲಿಲ್ಲ. "ಫೋನ್ ಹಚ್ಚಿದ್ರ ಹಾಡ ಹಾಕಿ ಕುಂದರಸ್ತಾರ್ರಿ. ಒಬ್ರೂ ಮಾತಾಡಂಗಿಲ್ಲ."

"ಹಾಂಗಾರ ಹಾಡ ಕೇಳ್ರಿ." ಸಾಹುಕಾರ ಚಂದವ್ವನತ್ತ ತಿರುಗಿದ. "ಗಂಡ ಕೊಳ್ಯಾಕತ್ತಾನೇನ? ಕೊಳತದ್ದು ಆರಿಸಿ ಹೊರಗ ಒಗಿಯೂದು ನಿನಗ ನಾ ಕಲಿಸಬೇಕೇನ?"

ಚಂದವ್ವ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿದಳು. ಲಾರಿಗೆ ಏರಿಸಲು ಹೊಲಿದಿಟ್ಟ ಚೀಲಗಳತ್ತ ನಡೆದಳು. ದಾರ ಕೊಯ್ಯುವ ಚಾಕು ತೆಗೆದುಕೊಂಡು ಒಂದರ ಹೊಲಿಗೆ ಸೀಳಿದಳು. ಮಿಂಚುವ ದಪ್ಪ ಲಿಂಬೆಯನ್ನು ಕೊಳೆತ ರಾಶಿಯ ಮೇಲೆ ಸುರಿದು ಎರಡೂ ಕೈಯಿಂದ ಕಲಸಿದಳು. ಮತ್ತೊಂದು ಚೀಲ ಸೀಳಿದಳು.

"ಏ ರಂಡೆ! ಏನ ಮಾಡಾಕತ್ತಿ?"

"ಆರಿಸಿದಾಕಿ ನಾನ. ಪೂರಾ ಪಗಾರ ಕೊಡಲಿಲ್ಲ, ನನ್ನ ಕೆಲಸ ನಾ ತಿರುಗಿ ತಗೊಂಡೆ. ಇನ್ನ ನೀನ ಕುಂತ ಆರಿಸು."

ಅಮಿತ ಅವಳ ರಟ್ಟೆ ಹಿಡಿಯಲು ಓಡಿದ. ಶಕೀಲಾ ಅಡ್ಡ ನಿಂತಳು. ಹೊರಗೆ ಲಾರಿ ಹಾರ್ನ್ ಬಾರಿಸುತ್ತಲೇ ಇತ್ತು.

ನನಗೆ ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ನಾಳೆ ಕೆಲಸವಿಲ್ಲ. ಇದರಿಂದ ಪರಪ್ಪನ ಔಷಧಿಯೂ ಬರುವುದಿಲ್ಲ. ಆದರೂ ಎದ್ದೆ, ನಾನು ಆರಿಸಿ ತುಂಬಿದ, ಇನ್ನೂ ಹೊಲಿಯದ ಚೀಲದ ಎರಡೂ ಮೂಲೆ ಹಿಡಿದು ಅದೇ ಕೊಳೆತ ರಾಶಿಯ ಮೇಲೆ ಬೋರಲು ಹಾಕಿದೆ.